ಮೂವತ್ತೊಂದು ಸೆಕೆಂಡು

ಕಾಮೋಠೆಯ ಫ್ಲಾಟಿನಲ್ಲಿ ಶ್ರದ್ಧಾ ದಿನವೂ ಇಬ್ಬರ ವೇಗ ಅಳೆಯುತ್ತಿದ್ದಳು. ಒಬ್ಬರು, ಅವಳು ಸಂಶೋಧನೆ ಮಾಡುತ್ತಿದ್ದ ಪಲ್ಸಾರ್. ಸತ್ತ ನಕ್ಷತ್ರದ ಗಟ್ಟಿ ಉಂಡೆ, ಸೆಕೆಂಡಿಗೆ ಹನ್ನೊಂದು ಸುತ್ತು. ಇನ್ನೊಬ್ಬರು ಅಪ್ಪ ಪ್ರೇಮನಾಥ. ಠಾಣೆ ಪಟ್ಟಣದ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆಹಿಟ್ಟು ರುಬ್ಬಿದ ಮನುಷ್ಯ. ಪಾರ್ಶ್ವವಾಯು ಬಡಿದ ಮೇಲೆ ಮಂಚದಿಂದ ಅಡುಗೆಮನೆಗೆ ನಡೆಯಲು ಅವರಿಗೆ ನಲವತ್ತು ಸೆಕೆಂಡು ಬೇಕಾಗುತ್ತಿತ್ತು. ಅದು ನಲವತ್ತೆರಡಾಯಿತು, ಈಗ ನಲವತ್ತೈದು. ಹೀಗೇ ಹೋದರೆ ಒಂದು ದಿನ ಅಪ್ಪ ಏಳುವುದೇ ಇಲ್ಲವೆಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

ನಕ್ಷತ್ರದ ಬಗ್ಗೆ ಆ ಹೆದರಿಕೆಯಿಲ್ಲ. ನಿಧಾನವಾಗುವುದು ಪಲ್ಸಾರಿನ ಜಾಯಮಾನ. ವಯಸ್ಸು ಎಳೆಯದಾದಷ್ಟೂ ಬೇಗ ನಿಧಾನವಾಗುತ್ತದೆ.

"ಹಾಗಾದ್ರೆ ಎಪ್ಪತ್ತರ ನಿನ್ನಪ್ಪ ಎಳೇ ಮಗುವಾ?" ಎಂದು ಅಮ್ಮ ವಿಮಲಾ ನಗುತ್ತಿದ್ದರು. ನಗದೆ ಮತ್ತೇನು ಮಾಡುವುದು?

ಆ ಭಾನುವಾರ ಅಮ್ಮ ಉದ್ದು ಸುರಿದು ಗ್ರೈಂಡರ್ ಹಾಕಿದರು. ಅಷ್ಟರಲ್ಲಿ ಬೆಲ್ ಆಯಿತು. ಪಕ್ಕದ ಮನೆಯ ವನಮಾಲಾ, ಮಾತಿಗೆ ನಿಂತರೆ ಮುಗಿಯದ ಹೆಂಗಸು. ಗ್ರೈಂಡರಿಗೆ ನೀರು ಹಾಕುವುದು ಮರೆತೇಹೋಯಿತು. ಕಲ್ಲು ಗೊರಗುಟ್ಟತೊಡಗಿತು. ಇತ್ತ ಅಪ್ಪ ಏಳುತ್ತಲೇ ಶ್ರದ್ಧಾ ಫೋನಿನ ಸ್ಟಾಪ್‌ವಾಚ್ ಒತ್ತಿದಳು. ಈ ಸಲ ಅವರು ಗೋಡೆ ಹಿಡಿಯಲಿಲ್ಲ.

"ನೀರು ಹಾಕ್ಲಿಕ್ಕೆ ಗೊತ್ತಿಲ್ವಾ ಮಾರಾಯ್ತಿ? ಕಲ್ಲು ಬಿಸಿಯಾಗ್ತದೆ!" ಎಂದು ಅಮ್ಮನಿಗೆ ಕೂಗಿದರು.

ಮೂವತ್ತೊಂದು ಸೆಕೆಂಡು. ತನ್ನ ಬೆರಳೇ ತಪ್ಪಿರಬೇಕೆಂದುಕೊಂಡಳು. ತಲೆಯೆತ್ತಿ ನೋಡಿದರೆ ಅಪ್ಪ ಒಂದೇ ಕೈಯಲ್ಲಿ ಲೋಟದಿಂದ ನೀರು ಬಿಡುತ್ತ, ಕಿವಿಗೊಟ್ಟು ನಿಂತಿದ್ದರು. "ಹಾಂ, ಈಗ ಸರಿ." ಶ್ರದ್ಧಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಪಪ್ಪಾ, ನನ್ನ ಪಲ್ಸಾರೂ ಹೀಗೇ ಮಾಡ್ತದೆ," ಎಂದಳು ಮರುದಿನ ಬೆಳಿಗ್ಗೆ ದೋಸೆ ತಿನ್ನುವಾಗ. "ಹೊರಗಿನ ಚಿಪ್ಪು ಸ್ಲೋ ಆಗ್ತಾ ಹೋಗ್ತದೆ. ಒಳಗೊಂದು ದ್ರವ ಉಂಟು, ಅದು ಮಾತ್ರ ಹಳೇ ಸ್ಪೀಡಲ್ಲೇ ತಿರುಗ್ತಾ ಇರ್ತದೆ. ಒಂದು ದಿನ ಸಡನ್ನಾಗಿ ತನ್ನ ಸ್ಪೀಡು ಚಿಪ್ಪಿಗೆ ಸ್ವಲ್ಪ ಕೊಡ್ತದೆ."

ಅಪ್ಪ ಚಟ್ನಿ ಬಡಿಸಿಕೊಂಡರು. "ಅಂದ್ರೆ ಒಳಗಿನದ್ದು ನಿಂತಿರಲಿಲ್ಲ ಅಂತಾಯ್ತಲ್ಲ ಮಗಾ."

ಅಂದು ಮೂವತ್ತನಾಲ್ಕು. ಆಮೇಲೆ ಮೂವತ್ತಾರು, ಮೂವತ್ತೆಂಟು. ಜಿಗಿದ ಪಲ್ಸಾರೂ ಮತ್ತೆ ನಿಧಾನವಾಗುತ್ತದೆಂದು ಶ್ರದ್ಧಾಳಿಗೆ ಗೊತ್ತಿತ್ತು. ಆದರೂ ಲೆಕ್ಕ ನಲವತ್ತೈದಕ್ಕೆ ಮರಳಲಿಲ್ಲ.

ಮುಂದಿನ ಭಾನುವಾರ ಅಮ್ಮ ಉದ್ದು ಸುರಿದು, ಗ್ರೈಂಡರ್ ಹಾಕಿ, ಮಗಳಿಗೆ ಕಣ್ಣು ಮಿಟುಕಿಸಿ ಬಾಗಿಲ ಕಡೆ ಹೊರಟರು. ಬೆಲ್ ಆಗಿರಲಿಲ್ಲ.

"ನಿಮ್ಮ ನಾಟಕ ನಂಗೆ ಗೊತ್ತಾಗುದಿಲ್ವಾ?" ಎನ್ನುತ್ತಲೇ ಅಪ್ಪ ಮಂಚದಿಂದ ಕಾಲು ಇಳಿಸಿದರು.