ಉತ್ತರ ಬೇಡದ ದನಿ

ಮಂಜು ಕವಿದ ದಿನ ಬುದ್ಧಿ ಇರುವವರು ಮನೆಯಲ್ಲಿ ಬೆಂಕಿ ಕಾಯಿಸಿಕೊಂಡು ಕೂರುತ್ತಾರೆ. ವಿಮಾನ ನೋಡುವ ಹುಚ್ಚಿನ ನಾವು ಥಾರ್ನ್‌ಬಿ ವಾಯುನೆಲೆಯ ತಂತಿಬೇಲಿಗೆ ಬರುತ್ತೇವೆ. ವಿಮಾನ ಕಣ್ಣಿಗೆ ಬೀಳುವುದಿಲ್ಲ, ನಿಜ. ಆದರೆ ರೇಡಿಯೊ ಮಾತು ಹಿಡಿಯುವ ಸ್ಕ್ಯಾನರ್ ಇದ್ದರೆ ಪೈಲಟ್‌ನ ಮಾತು, ನೆಲದವರ ಮಾತು ಎಲ್ಲ ಕಿವಿಗೆ ಬೀಳುತ್ತದೆ. ಹಾಗೆ ಕದ್ದು ಕೇಳುವುದು ಕಾನೂನಿಗೆ ವಿರುದ್ಧ. ಬೇಲಿ ಕಾಯುವ ಪೊಲೀಸರು ನಮ್ಮ ಬಿಸ್ಕತ್ತು ತಿಂದು, ನಮ್ಮ ಕಿವಿಯಲ್ಲಿರುವುದು ಕಾಣದವರಂತೆ ಮುಂದೆ ಹೋಗುತ್ತಾರೆ. ಕೇಳಿದ್ದನ್ನು ಊರಿಗೆಲ್ಲ ಸಾರಬಾರದು, ಅಷ್ಟೇ ನಮ್ಮೊಳಗಿನ ಕಟ್ಟಳೆ.

ನನ್ನ ಪಕ್ಕದ ಮಡಚುಕುರ್ಚಿ ರಾಲ್ಫ್ ಟೆನಂಟ್‌ನದು. ಮಂಜಿನ ದಿನ ಅವನು ತಪ್ಪಿಸುವವನೇ ಅಲ್ಲ. ಕಾರಣ ನಮಗೆಲ್ಲ ಗೊತ್ತು, ಯಾರೂ ಎತ್ತುವುದಿಲ್ಲ. ಮಂಜಿನಲ್ಲಿ ಇಳಿಯುವ ವಿಮಾನಗಳಿಗೆ ರಾಡಾರ್ ಮುಂದೆ ಕೂತು ದಾರಿ ಹೇಳುವ ಬ್ರಿಯೊನಿ ಅವನ ಮಗಳು. ತಾಯಿ ಸತ್ತಾಗಿನಿಂದ, ಅಂದರೆ ಮೂರು ವರ್ಷದಿಂದ, ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ.

"ಇನ್ನು ಮುಂದೆ ನನ್ನ ಮಾತಿಗೆ ಉತ್ತರಿಸಬೇಡಿ" ಎಂದು ಪೈಲಟ್‌ಗೆ ಹೇಳಿಯೇ ಅವಳು ಶುರು ಮಾಡುತ್ತಾಳೆ. ಅದು ಅವರ ಪದ್ಧತಿ. ಆಮೇಲೆ ವಿಮಾನ ಇಳಿಯುವವರೆಗೆ ಅವಳೊಬ್ಬಳದೇ ದನಿ. ಸ್ವಲ್ಪ ಎಡಕ್ಕೆ, ಎತ್ತರ ಸರಿಯಿದೆ, ಹಾಗೇ ಬನ್ನಿ. ರಾಲ್ಫ್ ತಲೆ ತಗ್ಗಿಸಿ ಕೇಳುತ್ತಾನೆ, ತನಗೇ ಹೇಳುತ್ತಿದ್ದಾಳೆ ಅನ್ನುವ ಹಾಗೆ. "ಇವತ್ತು ಅವಳಿಗೆ ಶೀತ ಆಗಿದೆ" ಎನ್ನುತ್ತಾನೆ. ಕೇಳಿದರೆ ನನಗೆ ಪಾಪ ಅನ್ನಿಸುತ್ತದೆ, ಮೈಯೂ ಉರಿಯುತ್ತದೆ.

ಈ ದಿನ ಮಧ್ಯಾಹ್ನ ಒಂದು ಜೆಟ್ ಇಳಿಯಿತು. ಇಳಿದ ಪೈಲಟ್ ಹೇಳಿದ್ದು ನಮ್ಮ ಕಿವಿಗೂ ಬಿತ್ತು. "ಥ್ಯಾಂಕ್ಸ್ ಮೇಡಂ. ನಾಳೆಯಿಂದ ಸ್ಕಾಟ್ಲೆಂಡಿನವರ ಅದೃಷ್ಟ. ನಮಗೆ ನಿಮ್ಮ ದನಿ ತಪ್ಪಿತು."

ರಾಲ್ಫ್‌ನ ಲೋಟದ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಅವನು ಒರೆಸಿಕೊಳ್ಳಲಿಲ್ಲ.

"ಅವಳು ಹೋಗ್ತಾಳಂತೆ, ಹೆಟ್ಟಿ," ಎಂದು ನನ್ನ ಕಡೆ ತಿರುಗಿದ.

"ಕೇಳಿಸ್ತು. ನನಗೂ ಕಿವಿ ಇದೆ."

"ಸ್ಕಾಟ್ಲೆಂಡ್‌ವರೆಗೆ ಈ ಸ್ಕ್ಯಾನರ್ ಎಟುಕಲ್ಲ."

"ಅಲ್ಲೂ ಒಂದು ಬೇಲಿ ಇರುತ್ತೆ, ಹೋಗಿ ಕುರ್ಚಿ ಹಾಕ್ಕೋ. ಅದಕ್ಕಿಂತ ಇವತ್ತೇ ಹೋಗಿ ಮಾತಾಡೋ ಮಾರಾಯ."

"ಮಂಜು ಬಿದ್ದಾಗೆಲ್ಲ ಅವಳ ಮಾತು ಕೇಳ್ತಾನೇ ಇದ್ದೀನಲ್ಲ."

"ನೀನು ಕೇಳಿದೆ. ಅವಳಿಗೇನು ಕೇಳಿಸ್ತು, ಮಣ್ಣು?"

ಅವನು ಲೋಟ ಕೆಳಗಿಟ್ಟ. ಆಮೇಲೆ ಎಂದಿನ ರಾಗ ತೆಗೆದ. "ಆವತ್ತು ಫೋನ್ ಬ್ಯಾಟರಿ ಮುಗಿದಿತ್ತು. ಅವಳು ಅರ್ಥ ಮಾಡ್ಕೊಳ್ಳಲೇ ಇಲ್ಲ."

ಅವನ ಹೆಂಡತಿ ವಿನಿ ಆಸ್ಪತ್ರೆಯಲ್ಲಿ ಜೀವ ಬಿಟ್ಟ ಮಧ್ಯಾಹ್ನ ಇವನು ಇದೇ ಹುಲ್ಲಿನ ಮೇಲಿದ್ದ. ಅಮೆರಿಕದಿಂದ ಹಳೆಯ ಬಾಂಬರ್ ಒಂದು ಬರುತ್ತದೆಂಬ ಸುದ್ದಿ ಇತ್ತು. ಬ್ರಿಯೊನಿ ಫೋನ್ ಮಾಡಿದ್ದೇ ಮಾಡಿದ್ದು, ಇವನು ಸಿಗಲಿಲ್ಲ.

"ಬ್ಯಾಟರಿ ಕಥೇನ ಯಾರ ಮುಂದೆ ಹೇಳ್ತಿದ್ದೀಯ?" ಎಂದೆ. "ಫೋನ್ ಪಕ್ಕದಲ್ಲಿದ್ರೆ ಸ್ಕ್ಯಾನರ್ ಗೊರಗೊರ ಅನ್ನುತ್ತೆ. ಬೇಲಿಗೆ ಬಂದ ಕೂಡಲೇ ನಾವೆಲ್ಲ ಫೋನ್ ಆಫ್ ಮಾಡ್ತೀವಿ. ಆ ಹುಡುಗಿ ನಡೆಯೋದು ಕಲಿತಿದ್ದೇ ಇಲ್ಲಿ. ಅವಳಿಗೆ ಗೊತ್ತಾಗಲ್ವಾ?"

ರಾಲ್ಫ್ ಎದ್ದು ಕುರ್ಚಿ ಮಡಚಿದ. ಇಷ್ಟು ಕಟುವಾಗಿ ಹೇಳಬಾರದಿತ್ತೇನೋ. ಆದರೆ ಹೇಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ.

ನೆಲೆಯ ಗೇಟಿನ ಬಳಿ ಹೋಗಿ ನಿಂತೆವು. ಅವನು ಓಡಿಹೋಗದಿರಲಿ ಎಂದು ನಾನು ಹಿಂದೆಯೇ ಇದ್ದೆ. ಪಾಳಿ ಮುಗಿದು ಕಾರುಗಳು ಹೊರಬರತೊಡಗಿದವು. ಬ್ರಿಯೊನಿ ಅಪ್ಪನನ್ನು ನೋಡಿ ಕಾರನ್ನು ಬದಿಗೆ ತಂದು ಗಾಜು ಇಳಿಸಿದಳು.

"ಯಾಕೆ ಈ ಚಳೀಲಿ ನಿಂತಿದ್ದೀಯ?"

"ಬ್ಯಾಟರಿ ಮುಗಿದಿರಲಿಲ್ಲ," ಎಂದ ರಾಲ್ಫ್. "ನಾನೇ ಆಫ್ ಮಾಡಿದ್ದೆ."

"ಗೊತ್ತು."

"ನಿಮ್ಮಮ್ಮ ಅಷ್ಟು ಬೇಗ ಹೋಗ್ತಾಳೆ ಅಂದ್ಕೊಂಡಿರಲಿಲ್ಲ ಕಣೇ. ಆಮೇಲೆ ನಿಜ ಹೇಳೋಕೆ ನಾಚಿಕೆ ಆಯ್ತು."

ಅವಳು ಎಂಜಿನ್ ನಿಲ್ಲಿಸಿದಳು.

"ಆವತ್ತು ಆ ಬಾಂಬರ್ ಬಂತಾ?"

"ಇಲ್ಲ. ಅಲ್ಲಿಂದ ಹೊರಟೇ ಇರಲಿಲ್ಲವಂತೆ."

ಇಡೀ ದಿನ ಒಮ್ಮೆಯೂ ತೊದಲದೆ ವಿಮಾನ ಇಳಿಸಿದವಳು ಈಗ ತಡವರಿಸುತ್ತಾ ಹೇಳಿದಳು.

"ಆಸ್ಪತ್ರೇಲಿ ಅಮ್ಮ ನಿನ್ನನ್ನ ಕೇಳ್ತಾನೇ ಇದ್ದಳು. ಅಪ್ಪ ಹೊರಟಾಯ್ತು, ದಾರೀಲಿದ್ದಾನೆ ಅಂದೆ. ಇನ್ನೇನು ಬಂದ, ಕಾರು ನಿಲ್ಲಿಸ್ತಿದ್ದಾನೆ, ಮೆಟ್ಟಿಲು ಹತ್ತುತ್ತಿದ್ದಾನೆ ಅಂತ ಹೇಳ್ತಾನೇ ಹೋದೆ. ಅದನ್ನ ನಂಬ್ಕೊಂಡು ಬಾಗಿಲ ಕಡೆ ನೋಡ್ತಾ ನೋಡ್ತಾನೇ ಹೋಗ್ಬಿಟ್ಟಳು, ಅಪ್ಪ."