ಕಪ್ಪು ತಲೆಯ ನೆಂಟ

ಕರೆಯದೇ ಬರುವುದರಲ್ಲಿ ಕಾಗೆಯನ್ನು ಮೀರಿಸುವವರಿಲ್ಲ. ಮಾಳಿಗೆಯ ಮೇಲಿನ ಸಂಡಿಗೆಗೆ ಬರುತ್ತದೆ, ಕೋಳಿಮರಿಗೆ ಬರುತ್ತದೆ, ಇಸ್ಕೂಲು ಮಕ್ಕಳ ಕೈಯಲ್ಲಿನ ಬೋಂಡಕ್ಕೂ ಬರುತ್ತದೆ. ಆದರೆ ಚಿನ್ನಮ್ಮನ ತಿಥಿಯ ದಿನ, ಹೆಮ್ಮಿಗೆಯ ಹೊಳೆದಂಡೆಯಲ್ಲಿ ಎಡೆ ಇಟ್ಟು ಮನೆಮಂದಿಯೆಲ್ಲ ‘ಕಾ ಕಾ’ ಅಂತ ಗಂಟಲು ಹರಿದುಕೊಂಡರೂ, ಕಾಗೆ ಮಹಾಶಯ ಕಾಲ್‌ಶೀಟ್ ಇಲ್ಲದ ಹೀರೋನ ಥರ ನಾಪತ್ತೆ.

ಚಿನ್ನಮ್ಮನ ಮಗ ರಾಜೇಂದ್ರ ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತಾ ನಿಂತಿದ್ದ. ಗೂಡ್ಸ್ ಆಟೋ ಓಡಿಸುವ ಹುಡುಗ. ನರಸೀಪುರದ ಮಾರ್ಕೆಟ್ಟಿನಲ್ಲಿ ಟೊಮೆಟೊ ಕ್ರೇಟು ಇಳಿಸುವಾಗಲೂ ವಿಲನ್ ದನಿಯಲ್ಲಿ ಡೈಲಾಗು ಹೊಡೆಯದೆ ಇಳಿಸಿದವನಲ್ಲ. ಇವತ್ತು ಬಾಯಿಗೆ ಬೀಗ.

ಎಡೆಯನ್ನು ಕಾಗೆ ಮುಟ್ಟಿದರೆ ಹೋದ ಜೀವ ತೃಪ್ತಿಯಾಗಿ ಹೋಯಿತು ಎಂದರ್ಥ. ಮುಟ್ಟದಿದ್ದರೆ ಯಾವುದೋ ಆಸೆ ಬಾಕಿ. ಆಗ ನೆಂಟರು ಆ ಆಸೆ ಯಾವುದಿರಬಹುದೆಂದು ಊಹಿಸಿ, ಒಬ್ಬೊಬ್ಬರಾಗಿ ಎಡೆಯ ಮುಂದೆ ನಿಂತು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದ ಕೂಡಲೇ ಕಾಗೆ ಇಳಿಯುತ್ತದೆ.

ಮೊದಲು ನಿಂತವನು ಹೆಮ್ಮರಗಾಲದಿಂದ ಬಂದಿದ್ದ ಸೋದರಮಾವ ಮರಿಯಯ್ಯ. “ಅಕ್ಕಾ, ಪಲ್ಲವಿ ಮದ್ವೆ ನನ್ ಜವಾಬ್ದಾರಿ ಕಣಕ್ಕ. ಬಾ, ಮುಟ್ಟು.”

“ನಾನ್ ಇನ್ನೂ ಬಿಎಡ್ ಮುಗಿಸ್ಬೇಕು ಮಾವ!” ಅಂದಳು ರಾಜೇಂದ್ರನ ತಂಗಿ ಪಲ್ಲವಿ, ಅಳುತ್ತಲೇ.

ಕಾಗೆ ಬರಲಿಲ್ಲ. ಬಿಎಡ್ ಮುಗಿಸಲಿ ಅಂತಲೋ ಏನೋ.

ಪಕ್ಕದ ಗದ್ದೆಯ ಕರಿಯಯ್ಯ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ. “ಚಿನ್ನಕ್ಕ, ಆ ಗದ್ದೆ ಬದ ನಿಮ್ ಕಡೀಕೆ ಒತ್ತಿದ್ದು ನಾನೇ. ನಾಳಿಕೇ ಕಿತ್ತು ಮೊದ್ಲಿದ್ ತಾವೇ ಆಕ್ತೀನಿ.”

ಇಷ್ಟು ವರ್ಷ ಪಂಚಾಯ್ತಿ ಸೇರಿದರೂ ಬಗ್ಗದ ಆಸಾಮಿ ಹೊಳೆದಂಡೆಯಲ್ಲಿ ತಾನೇ ಒಪ್ಪಿಕೊಂಡದ್ದು ನೋಡಿ ನೆಂಟರು ಮುಖ ಮುಖ ನೋಡಿಕೊಂಡರು. ಕಾಗೆಗೆ ಅದೂ ರುಚಿಸಲಿಲ್ಲ.

“ಅದ್ಸರಿ, ಈ ನಿಂಬೆಹಣ್ ಯಾರ್ಲಾ ಇಟ್ಟಿದ್ದು?” ಎಂದ ಮರಿಯಯ್ಯ ಎಡೆಯ ಕಡೆ ಬಗ್ಗಿ. ಬಾಳೆಲೆಯ ಮೇಲೆ ಮುದ್ದೆ, ಹುರುಳಿ ಸಾರು, ಚಿನ್ನಮ್ಮನಿಗೆ ಪ್ರಾಣವಾಗಿದ್ದ ಹುರಿದ ಹೊಳೆಮೀನು, ಎಲೆಅಡಿಕೆ. ತುದಿಯಲ್ಲಿ ಒಂದು ನಿಂಬೆಹಣ್ಣು. “ಯಾರೋ ಮಾಟ ಮಾಡವ್ರೆ ಅಂದ್ಕಂಡು ಕಾಗೆ ಎದ್ರಿಕಂಡೈತೆ!”

“ನಾನೇ ಇಟ್ಟಿದ್ದು ಮಾವ. ಇರ್ಲಿ ಬುಡಿ,” ಅಂದ ರಾಜೇಂದ್ರ.

ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಬಾಕಿ ಉಳಿದ ಆಸೆಯನ್ನೂ ಹೇಳಬೇಕಾಗುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿತ್ತು.

ತಾಯಿ ಮಗ ಇಬ್ಬರೂ ಸಿನಿಮಾ ಹುಚ್ಚರು. ಕಳೆ ಕೀಳುವ ಕೂಲಿ ಮುಗಿಸಿ ಬಂದು, ಕೈಕಾಲು ತೊಳೆದು, ಆಟೋದಲ್ಲಿ ಮಗನ ಪಕ್ಕ ಕೂತು ನರಸೀಪುರದ ಟಾಕೀಸಿಗೆ ಹೊರಟರೆ ಚಿನ್ನಮ್ಮನ ಕೈಯಲ್ಲಿ ಒಂದು ನಿಂಬೆಹಣ್ಣು ಇರಲೇಬೇಕು. ಗಾಡಿ ಹತ್ತಿದರೆ ವಾಕರಿಕೆ ಅವಳಿಗೆ. ಮೂಸಿಕೊಂಡೇ ಹೋಗಿ ಮೂಸಿಕೊಂಡೇ ಬರುವಳು. ಮನೆಯಲ್ಲಿ ಅವನು “ನಾನ್ ನಡೆಯೋ ದಾರೀಲಿ ಸಿಗ್ನಲ್ ಇರಲ್ಲ, ಇದ್ರೂ ಅದು ಹಸಿರೇ!” ಅಂತ ತನ್ನದೇ ಡೈಲಾಗು ಬಿಟ್ಟರೆ, ಅವಳು ಒಲೆಯ ಮುಂದಿನಿಂದ ತಲೆಯೆತ್ತದೆ, “ಮೊದ್ಲು ಮುದ್ದೆ ನುಂಗ್ಲಾ, ಆಮೇಕೆ ಊರ್ ನುಂಗೀವಂತೆ” ಅನ್ನುವಳು. ಥಿಯೇಟರಿನಲ್ಲಿ ಕುಳಿತು ಅವಳು ಫೈಟಿಗೆ ಬೆಚ್ಚುತ್ತಿರಲಿಲ್ಲ, ಸೆಂಟಿಮೆಂಟಿಗೆ ಅಳುತ್ತಿರಲಿಲ್ಲ. ಆದರೆ ಹಾಡಿನಲ್ಲಿ ಕಡಲು ಬಂದರೆ ಮಾತ್ರ ಮಗನ ತೋಳು ಹಿಡಿಯುವಳು. ಹೀರೋಯಿನ್ ಕಡೆ ಕಣ್ಣೇ ಇಲ್ಲ. “ಆ ನೀರು ಯಾಕ್ಲಾ ಅಂಗೆ ಓಡ್ ಬತ್ತದೆ? ಬಂದಿದ್ದು ಯಾಕೆ ವಾಪಸ್ ಓಯ್ತದೆ?”

“ಡೈರೆಕ್ಟರ್ ಕಟ್ ಅಂದ್ರೆ ಓಗ್ಲೇಬೇಕಲ್ಲವ್ವ.”

“ತಮಾಸೆ ಸಾಕು. ಒಂದ್ಸಲ ತೋರ್ಸ್ಲಾ. ಕಾಲ್ ನೆನೆಸ್ಕಂಡ್ ಬಂದ್ಬುಡ್ತೀನಿ.”

“ನಮ್ದೇ ಗಾಡೀಲಿ ಓಗವ. ಗಾಳಿ ಆಡ್ತದೆ, ವಾಕರಿಕೆ ಬರಲ್ಲ. ಬತ್ತ ಕುಯ್ದಾಗ್ಲಿ.”

ಭತ್ತ ಕುಯ್ದಿದ್ದಾಯಿತು. ಆಮೇಲೆ ದಸರಾ ಆಗಲಿ ಅಂದ. ದಸರಾ ಆಯಿತು. ಗಾಡಿಗೆ ಹೊಸ ಟೈರು ಹಾಕಿಸಿಯಾಗಲಿ ಅಂದ. ಹಾಕಿಸಿದ ಟೈರಿನಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಾ, “ನಿಧಾನುಕ್ ಓಗ್ಲಾ” ಅನ್ನುತ್ತಿದ್ದಳು. ವಾಪಸು ಬರುವಾಗ ಏನೂ ಅನ್ನಲಿಲ್ಲ.

ಈಗ ಎಡೆಯ ಮುಂದೆ ನಿಂತು ಯಾವ ಬಾಯಲ್ಲಿ ಮಾತು ಕೊಡುವುದು? ಮದುವೆ ಮಾಡುತ್ತೇನೆ ಅಂದರೆ ಮಾಡಬಹುದು, ಬದ ಬಿಡುತ್ತೇನೆ ಅಂದರೆ ಬಿಡಬಹುದು. ಸತ್ತವಳ ಕಾಲನ್ನು ಕಡಲಿನಲ್ಲಿ ನೆನೆಸುತ್ತೇನೆ ಅಂದರೆ ಕಾಗೆಯೂ ನಕ್ಕೀತು.

“ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ? ಪ್ಲೀಸ್!”

ಹೊಂಗೆಮರದ ಹಿಂದಿನಿಂದ ದನಿ ಬಂತು. ಎಲ್ಲರೂ ತಿರುಗಿದರು. ಎಲೆ ಬಣ್ಣದ ಅಂಗಿಯವರು ಏಳೆಂಟು ಜನ, ತೊಡೆ ಗಾತ್ರದ ಕ್ಯಾಮೆರಾಗಳನ್ನು ಹೊಳೆಯ ಕಡೆ ತಿರುಗಿಸಿ ಕೂತಿದ್ದಾರೆ. ಆಚೆ ಬೆಂಗಳೂರಿನ ಕಾರುಗಳು.

“ಯಾರ್ರೀ ಅದು? ಸತ್ತೋರ್ ಎಡೆ ಶೂಟಿಂಗ್ ಮಾಡಕ್ಕೆ ಬಂದವ್ರಾ?” ಮರಿಯಯ್ಯ ಪಂಚೆ ಎತ್ತಿ ಕಟ್ಟಿದ. “ಓಗ್ಲಾ ರಾಜೇಂದ್ರ, ಓಡ್ಸ್ ಬಾ. ಇವರ್ ದೆಸೆಯಿಂದ್ಲೇ ಕಾಗೆ ಬತ್ತಿಲ್ಲ.”

ರಾಜೇಂದ್ರ ಹೋದ. ಜಗಳಕ್ಕೆ ಒಂದು ಡೈಲಾಗು ತುಟಿಯ ತುದಿಗೆ ಬಂದಿತ್ತು. ಆದರೆ ಅವನ ಬೋಳುತಲೆ, ಒದ್ದೆ ಪಂಚೆ ನೋಡಿದ ಕೂಡಲೇ ಅವರಲ್ಲೊಬ್ಬ ಹೆಂಗಸು ಎದ್ದು ನಿಂತಳು. ಅರ್ಧ ನರೆತ ಜಡೆ. ಹೆಸರು ಇಂದ್ರಾಣಿಯಂತೆ, ಬ್ಯಾಂಕಿನ ಕೆಲಸವಂತೆ. “ಕ್ಷಮಿಸಿ. ನಮಗೆ ಗೊತ್ತಾಗಲಿಲ್ಲ. ಯಾರು ಹೋಗಿದ್ದು?”

“ಅವ್ವ.”

ಆಕೆ ಚಪ್ಪಲಿ ಬಿಟ್ಟಳು. ಅಷ್ಟಕ್ಕೇ ಡೈಲಾಗು ತುಟಿಯಿಂದ ಗಂಟಲಿಗೆ ಇಳಿದುಹೋಯಿತು.

“ಕಾಗೆ ಬತ್ತಿಲ್ಲ ಮೇಡಂ. ನೀವೇ ಎದ್ರಿಸಿದ್ದು ಅಂತ ನಮ್ ಮಾವ.”

“ಕಾಗೆಗಳು ಅಲ್ಲಿವೆ ನೋಡಿ.” ಆಕೆ ಹೊಳೆಯ ನಡುವಿನ ಬಂಡೆ ತೋರಿಸಿದಳು. ಊರಿನ ಕಾಗೆಗಳೆಲ್ಲ ಅಲ್ಲಿ ಸಭೆ ಸೇರಿದ್ದವು. ನಡುವೆ ಒಂದು ಬಿಳಿಹಕ್ಕಿ, ಕಾಗೆಗಿಂತ ಎಷ್ಟೋ ದೊಡ್ಡದು. ಒಂದೊಂದೇ ಕಾಗೆ ಎಗರಿ ಅದರ ಬೆನ್ನಿಗೆ ಕುಕ್ಕಿ ಓಡುತ್ತಿತ್ತು. “ಊರಿಗೆ ಹೊಸಬ ಬಂದಿದ್ದಾನಲ್ಲ, ಅದಕ್ಕೆ ಓಡಿಸ್ತಿವೆ. ಅದನ್ನ ನೋಡೋಕೇ ನಾವು ಬಂದಿದ್ದು. ಹೋದ ವಾರ ಬೆಂಗಳೂರಿನ ಹತ್ರ ಒಂದು ಕೆರೇಲಿತ್ತು. ರಜೆ ಹಾಕಿ ಹೋದೆ, ನಾನು ಹೋಗೋಷ್ಟರಲ್ಲಿ ಹಾರಿತ್ತು. ಮೈಸೂರಲ್ಲೂ ಸಿಗಲಿಲ್ಲ. ಈ ಕಡೆ ಇದು ಬರೋದೇ ಇಲ್ಲ ಅನ್ನಬಹುದು. ನೋಡ್ತೀರಾ?”

ದುರ್ಬೀನು ಅವನ ಕಣ್ಣಿಗೆ ಬಂತು. ಬಿಳಿ ಮೈ, ಹಳದಿ ಕೊಕ್ಕು, ಮಸಿಯಲ್ಲಿ ಅದ್ದಿ ತೆಗೆದಂಥ ಕಪ್ಪು ತಲೆ. ಗಾಳಿಗೆ ಎದೆಯೊಡ್ಡಿ, ಕಾಗೆಗಳ ಕುಕ್ಕನ್ನೆಲ್ಲ ಲೆಕ್ಕಿಸದೆ ಇವನ ಕಡೆಗೇ ನೋಡುತ್ತಿತ್ತು.

“ಯಾವೂರಿಂದು ಮೇಡಂ ಇದು?”

“ಕಡಲಿನ ಹಕ್ಕಿ. ಚಳಿಗಾಲ ಎಲ್ಲ ಕಡಲ ದಂಡೇಲೇ ಇರುತ್ತೆ. ಹೇಗೋ ದಾರಿ ತಪ್ಪಿ ಇಲ್ಲಿಗೆ ಬಂದಿದೆ.”

ರಾಜೇಂದ್ರ ದುರ್ಬೀನು ಕೊಟ್ಟುಬಿಟ್ಟ.

ಅವನು ಎಡೆಯ ಹತ್ತಿರ ವಾಪಸು ಬಂದಾಗ, “ಓಡ್ಸಿದ್ಯೇನ್ಲಾ?” ಎಂದ ಮರಿಯಯ್ಯ. ರಾಜೇಂದ್ರ ಅವನನ್ನು ದಾಟಿ ಎಡೆಯ ಮುಂದೆ ಹೋದ. ಮಂಡಿಯೂರಿ ಕೂತ. ನೆಂಟರು ಕೇಳಲಿ, ಬೆಂಗಳೂರಿನವರು ಕೇಳಲಿ, ಕರಿಯಯ್ಯ ಊರೆಲ್ಲ ಸಾರಲಿ.

“ಅವ್ವಾ, ಕಡ್ಲು ತೋರಿಸ್ತೀನಿ ಅಂದಿದ್ದೆ. ತೋರಿಸ್ಲಿಲ್ಲ.” ಮುಂದಿನದಕ್ಕೆ ಪಂಚ್ ಇರಲಿಲ್ಲ, ರೈಮಿಂಗ್ ಇರಲಿಲ್ಲ. “ನನ್ ಕೈಲಿ ಇನ್ ಆಗಲ್ಲ ಕಣವ್ವ. ಸುಳ್ಳು ಮಾತ್ ಕೊಡಾಕಿಲ್ಲ. ಕಾಗೆ ಬರ್ದಿದ್ರೂ ಸರಿ.”

ಪಲ್ಲವಿ ಬಂದು ಅಣ್ಣನ ಬೆನ್ನಿನ ಮೇಲೆ ಕೈ ಇಟ್ಟಳು.

ಹೊಳೆಯ ನಡುವೆ ಗಲಾಟೆ ಜೋರಾಯಿತು. ಕಾಗೆಗಳೆಲ್ಲ ಒಟ್ಟಿಗೆ ನುಗ್ಗಿರಬೇಕು, ಬಿಳಿಹಕ್ಕಿ ಬಂಡೆ ಬಿಟ್ಟು ಮೇಲೆದ್ದಿತು. ದಂಡೆಯ ಮೇಲೆ ಒಂದು ಸುತ್ತು ಹೊಡೆಯಿತು. ಅದರ ನೆರಳು ಎಡೆಯ ಮೇಲೆ ಹಾಯಿತು. ಇನ್ನೊಂದು ಸುತ್ತಿಗೆ ಅದು ಕಾಲು ಇಳಿಬಿಟ್ಟು ದೊಪ್ಪನೆ ಬಾಳೆಲೆಯ ಪಕ್ಕ ಇಳಿಯಿತು. ಮುದ್ದೆಯ ಕಡೆ ತಿರುಗಿಯೂ ನೋಡಲಿಲ್ಲ. ಹುರಿದ ಮೀನು ಕಚ್ಚಿ, ಒಮ್ಮೆ ತಲೆ ಕೊಡವಿ, ಎದ್ದು ಹೊಳೆಯ ಮೇಲಕ್ಕೆ ಹಾರಿತು. ಹೊಂಗೆಮರದ ಹಿಂದೆ ಕ್ಯಾಮೆರಾಗಳು ಹುರಿಯುವ ಕಡಲೆಯಂತೆ ಪಟಪಟ ಸಿಡಿದವು.

“ಇದು ಲೆಕ್ಕಕ್ಕೆ ಬರಾಕಿಲ್ಲ,” ಅಂದ ಮರಿಯಯ್ಯ, ಉಸಿರು ಬಂದ ಮೇಲೆ. “ಕಾಗೇನೇ ಮುಟ್ಬೇಕು. ಶಾಸ್ತ್ರ.”

ಇಷ್ಟು ಹೊತ್ತೂ ಎಲೆಅಡಿಕೆ ಜಗಿಯುತ್ತಾ ಕೂತಿದ್ದ ಚಿನ್ನಮ್ಮನ ಅತ್ತೆ ಮುದ್ದಮ್ಮ ಬಾಯಿಯ ರಸ ಉಗಿದು ಎದ್ದಳು. “ನಿನ್ ಕಣ್ ಏನ್ ಗದ್ದೇಲ್ ಬಿಟ್ಟಿದ್ದೀಯಾ ಮರಿಯಯ್ಯ? ತಲೆ ಕಪ್ಪಗಿಲ್ವಾ?”

“ತಲೆ ಕಪ್ಪಗೈತೆ. ಮೈ?”

“ಮೈ ಬೆಳ್ಳಗಿದ್ರೆ ಏನೀಗ? ನನ್ ಸೊಸೆ ಏನ್ ಕಪ್ಪಗಿದ್ಲಾ? ದೂರದ ದಾರಿ ಸವೆಸ್ಕಂಡು ಬಂದು ಉಂಡ್ ಓಗೈತೆ. ಎತ್ರಲಾ ಎಡೆಯಾ, ಮಕ್ಳು ಅಸ್ಕಂಡವೆ.”

ಮುದ್ದಮ್ಮನ ತೀರ್ಪಿನ ಮೇಲೆ ಅಪೀಲು ಇಲ್ಲ. ನೆಂಟರು ಚೊಂಬು ತೊಳೆದು ಊಟಕ್ಕೆ ಮನೆಯ ಕಡೆ ಹೊರಟರು. ಕರಿಯಯ್ಯ ಮಾತ್ರ ಬದದ ಮಾತು ಕೊಟ್ಟು ಕೆಟ್ಟೆನಲ್ಲಾ ಅನ್ನುವ ಮುಖ ಮಾಡಿಕೊಂಡು ಹಿಂದೆ ಹಿಂದೆ ನಡೆದ.

ರಾಜೇಂದ್ರ ಹೊಳೆಗೆ ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತ. ಅಷ್ಟು ಹೊತ್ತೂ ಹೊಳೆಯ ಮೇಲೇ ಸುತ್ತುತ್ತಿದ್ದ ಹಕ್ಕಿ ಈಗ ಹರಿವಿನ ಜೊತೆಗೇ ತಲಕಾಡಿನ ಕಡೆ ಸಣ್ಣಗಾಗುತ್ತಾ ಹೋಗುತ್ತಿತ್ತು. ದಂಡೆಗೆ ಬಂದ ಇಂದ್ರಾಣಿಯ ಕಣ್ಣೂ ಅದರ ಮೇಲೇ ಇತ್ತು.

“ವಾಪಸ್ ಕಡ್ಲಿಗೇ ಓಯ್ತದಾ ಮೇಡಂ?”

“ಗೊತ್ತಿಲ್ಲ. ಹೋಗುತ್ತೆ ಅಂದುಕೊಳ್ಳೋದು.”

“ಈ ನೀರು?”

“ಈ ನೀರು ಹೋಗೇ ಹೋಗುತ್ತೆ.”

ಅವನು ಎಡೆಯಿಂದ ಎತ್ತಿಟ್ಟುಕೊಂಡಿದ್ದ ನಿಂಬೆಹಣ್ಣನ್ನು ಒಮ್ಮೆ ಮೂಸಿದ. ಆಟೋದ ಸೀಟು, ಟಾಕೀಸಿನ ಕತ್ತಲೆ, ಅವ್ವನ ಸೆರಗು ಎಲ್ಲಾ ಅದರಲ್ಲೇ ಇದ್ದವು. ಇನ್ನೊಮ್ಮೆ ಮೂಸಿದ. ಆಮೇಲೆ ಬಗ್ಗಿ, ಮೆಲ್ಲಗೆ ನೀರಿನ ಮೇಲೆ ಬಿಟ್ಟ. ಅದು ಕಾಲಿಗೆ ತಾಗಿ, ಒಂದು ಗಳಿಗೆ ಅಲ್ಲೇ ತಿರುಗಿ, ಸೆಳವು ಸಿಕ್ಕಿ ಹೊರಟಿತು.

ಹಕ್ಕಿ ಈಗ ಅಕ್ಕಿಕಾಳಿನಷ್ಟಿತ್ತು. ರಾಜೇಂದ್ರ ಎರಡೂ ಕೈಯನ್ನು ಬಾಯಿಗೆ ಹಿಡಿದು ಹೊಳೆ ತುಂಬ ಕೇಳುವಂತೆ ಕೂಗಿದ:

“ನಿಧಾನುಕ್ ಓಗ್ಲಾ! ಅವ್ವಂಗೆ ವಾಕರಿಕೆ ಬತ್ತದೆ!”