ಭಾವ ಹಾಕಿದ ಟಿಕ್ಕು

ನನ್ನ ಭಾವನ ಕಣ್ಣಿಗೆ ಖಾಲಿ ಚೌಕವೊಂದು ಬಿದ್ದರೆ ಮುಗಿಯಿತು, ಟಿಕ್ ಹಾಕದೆ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ಬೆಲ್ಟಿನ ಮೇಲೆ ಪಂಪಿನ ಮುಚ್ಚಳಗಳು ಒಂದರ ಹಿಂದೆ ಒಂದು ಬರುತ್ತವೆ, ಇವರು ನೋಡುತ್ತಾರೆ, ಹಾಳೆಯ ಮೇಲಿನ ಚೌಕಕ್ಕೆ ಟಿಕ್ ಹಾಕುತ್ತಾರೆ. ನೋಡುತ್ತಾರೆ ಅಂದದ್ದು ನನ್ನ ದೊಡ್ಡ ಮನಸ್ಸು. ಅವರು ಟಿಕ್ ಹಾಕಿ ಕಳಿಸಿದ ಪಂಪು ನಮ್ಮ ಬೀದಿಯಲ್ಲೇ ಒಂದಿದೆ. ಮೇಲೆತ್ತುವ ನೀರಿಗಿಂತ ಸೋರಿಸುವ ನೀರೇ ಹೆಚ್ಚು. ಆದರೂ ಕಳೆದ ವರ್ಷ ಅವರಿಗೆ ಉತ್ತಮ ತಪಾಸಕ ಅಂತ ಒಂದು ಶೀಲ್ಡ್ ಕೊಟ್ಟರು. ಕೊಟ್ಟವರ ಪಂಪನ್ನು ಯಾರು ತಪಾಸಣೆ ಮಾಡಿದ್ದರೋ.

ಭಾವನಿಗೆ ರಜೆಯಿದ್ದ ಒಂದು ದಿನ ಬೆಳಗ್ಗೆ ನಾನು ಬಸ್ ನಿಲ್ದಾಣದ ನನ್ನ ಗೂಡಂಗಡಿಯಲ್ಲಿ ಯಾರದೋ ಫೋನಿನ ಒಡೆದ ಗಾಜು ಕೀಳುತ್ತಾ ಕೂತಿದ್ದಾಗ ಅಕ್ಕನ ಕರೆ ಬಂತು.

"ಕಂಪ್ಯೂಟರಲ್ಲಿ ಎಲ್ಲಾ ಹುಳ ಆಗ್ಬಿಟ್ಟಿದೆ ಕಣೋ. ಇವರು ಎಲ್ಲಾ ಒರೆಸಿ ಹಾಕಿಸ್ತೀನಿ ಅಂತ ಕೂತಿದ್ದಾರೆ. ಬೇಗ ಬಾ."

ಅಕ್ಕನ ದನಿ ಸಣ್ಣದಾಗಿತ್ತು. ಅವಳು ಕೂಗಾಡಿದರೆ ನಾನು ಹೆದರುವುದಿಲ್ಲ. ದನಿ ಸಣ್ಣದಾದರೆ ಹೆದರುತ್ತೇನೆ. ಅಂಗಡಿಯ ಬಾಗಿಲು ಎಳೆದು ಹೊರಟೆ.

ಅವರ ಮನೆಯ ಮುಂದಿನ ಕೋಣೆ ಅಂದರೆ ಅಕ್ಕನ ಕಾರ್ಖಾನೆ. ಕಿಟಕಿಯ ಪಕ್ಕ ಕಸೂತಿ ಯಂತ್ರ, ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ನೂಲಿನ ಉಂಡೆಗಳು, ಯಂತ್ರಕ್ಕೆ ತಂತಿ ಕಟ್ಟಿಕೊಂಡು ಕೂತ ಕಂಪ್ಯೂಟರ್. ಹೋಟೆಲಿನವರ, ಶಾಲೆಯವರ, ಕಾವಲುಗಾರರ ಅಂಗಿಯ ಜೇಬಿಗೆ ಲಾಂಛನ ಹೊಲಿದು ಕೊಡುವುದು ಅವಳ ಕೆಲಸ. ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆಯಾಗಿ ಬಿಡಿಸುತ್ತಾಳೆ, ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಹಾಗೆ ಬಿಡಿಸುವ ಪ್ರೋಗ್ರಾಮನ್ನು ಯಂತ್ರ ಮಾರಿದ ಅಂಗಡಿಯವನೇ ಹಾಕಿಕೊಟ್ಟಿದ್ದ. ಆಮೇಲೆ ಆ ಅಂಗಡಿ ಮುಚ್ಚಿತು, ಅವನು ಎಲ್ಲಿ ಹೋದನೋ ಗೊತ್ತಿಲ್ಲ. ಕಂಪ್ಯೂಟರನ್ನು ಒರೆಸಿದರೆ ಪ್ರೋಗ್ರಾಂ ಹೋಗುತ್ತದೆ, ಮತ್ತೆ ಹಾಕುವವರಿಲ್ಲ. ಆಮೇಲೆ ಆ ಯಂತ್ರದ ಮೇಲೆ ಬಟ್ಟೆ ಒಣಹಾಕಬಹುದು, ಅಷ್ಟೆ.

"ಬಂದ್ಯಾ ಇಂಜಿನಿಯರ್?" ಅಂದರು ಭಾವ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಇಂಜಿನಿಯರ್ ಅಂದರೆ ಅದು ಹಾಸ್ಯವಂತೆ. ಅಕ್ಕನ ಮದುವೆಯ ದಿನದಿಂದ ಇದೇ ಹಾಸ್ಯ. ಹಳಸಿ ನಾರಿದರೂ ಬಡಿಸುವುದು ನಿಲ್ಲಿಸಿಲ್ಲ.

"ಏನಾಯ್ತು ಭಾವ?"

"ವೈರಸ್ಸು. ನಿಮ್ಮಕ್ಕನ ಹೊಲಿಗೆ ಪ್ರೋಗ್ರಾಮಿಂದ ಬಂದಿರೋದು."

"ವೈರಸ್ಸು ಅಂತ ಯಾರಂದ್ರು?"

"ಯಾರು ಅನ್ಬೇಕು? ಕಣ್ಣಿಲ್ವಾ ನಂಗೆ? ಏನು ಒತ್ತಿದ್ರೂ ಹುಳ ಹುಳ ಬರ್ತಿದೆ."

ಒತ್ತಿ ನೋಡಿದೆ. ಅವರು ಹೇಳಿದ್ದು ನಿಜ. ಪರದೆಯ ಮೇಲಿದ್ದ ಕಸೂತಿ ಪ್ರೋಗ್ರಾಮಿನ ಪುಟ್ಟ ಚಿತ್ರದ ಮೇಲೆ ಒತ್ತಿದರೆ, ಬರೀ ಅಕ್ಷರ ತೋರಿಸುವ ನೋಟ್‌ಪ್ಯಾಡ್ ತೆರೆದು, ಅದರ ತುಂಬ ಓದಲಾಗದ ಅಕ್ಷರಗಳು ಇರುವೆ ಗೂಡು ಕೆದಕಿದ ಹಾಗೆ ಹರಿದಾಡಿದವು. ಫೋಟೋ ಒತ್ತಿದರೂ ಅದೇ. ಹಾಡು ಒತ್ತಿದರೂ ಅದೇ.

"ಇದು ಯಾವುದರಲ್ಲಿ ತೆರೀಲಿ ಅಂತ ನಿಮ್ಮನ್ನ ಕೇಳ್ತಾ ಭಾವ?"

"ಕೇಳ್ತು. ಶೀಲ್ಡಿನ ಫೋಟೋ ತೆಗೆದು ನೋಡೋಣ ಅಂತ ಹೋದೆ, ಕೇಳ್ತು. ನೋಟ್‌ಪ್ಯಾಡು ಅಂದೆ. ಅಲ್ಲಿ ಇದ್ದಿದ್ರಲ್ಲಿ ಅದೊಂದೇ ಗೊತ್ತಿರೋ ಹೆಸರು."

"ಫೋಟೋನ ನೋಟ್‌ಪ್ಯಾಡಲ್ಲಿ?"

"ಯಾಕೆ, ನೋಟ್ ಪುಸ್ತಕದಲ್ಲಿ ಫೋಟೋ ಅಂಟಿಸಲ್ವಾ ಜನ?"

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಗುವೋ ಅಳುವೋ ಗೊತ್ತಾಗಲಿಲ್ಲ.

"ಅದರ ಕೆಳಗೆ ಒಂದು ಚೌಕ ಇತ್ತಲ್ಲ, ಯಾವಾಗಲೂ ಹೀಗೇ ತೆರೆಯಲಾ ಅಂತ?"

"ಹಾಕ್ದೆ ಟಿಕ್ಕು. ಚೌಕ ಖಾಲಿ ಬಿಡೋ ಮಗ ನಾನಲ್ಲ."

ಪ್ರತಿ ಫೈಲಿನ ಹೆಸರಿಗೂ ಕೊನೆಯಲ್ಲೊಂದು ಸಣ್ಣ ಬಾಲ ಇರುತ್ತದೆ. ಆ ಬಾಲ ನೋಡಿ ಕಂಪ್ಯೂಟರು ಇದು ಫೋಟೋ, ಇದು ಹಾಡು ಅಂತ ಗುರುತು ಹಿಡಿದು ಸರಿಯಾದ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಭಾವ ಒಂದೊಂದೇ ಬಾಲ ಹಿಡಿದು ನೋಟ್‌ಪ್ಯಾಡಿಗೆ ಕಟ್ಟಿದ್ದರು. ಮೊದಲು ಫೋಟೋ ಹುಳವಾಯಿತು. ಅದನ್ನು ಸರಿಮಾಡಲು ಇನ್ನೊಂದನ್ನು ಒತ್ತಿ ಟಿಕ್ ಹಾಕಿದರು, ಅದೂ ಹುಳವಾಯಿತು. ಕೊನೆಗೆ ಪ್ರೋಗ್ರಾಮುಗಳ ಚಿತ್ರಗಳಿಗೇ ಟಿಕ್ ಹಾಕಿ ಇಡೀ ಮನೆಗೆ ಬೀಗ ಜಡಿದು, ಕೀಲಿಯನ್ನೂ ಒಳಗೇ ಎಸೆದರು. ಇಷ್ಟೆಲ್ಲ ಮಾಡಿ ತಪ್ಪು ಹೊರಿಸಿದ್ದು ಅಕ್ಕನ ಮೇಲೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲ ಗುಡಿಸುವವಳನ್ನೇ ಡೊಂಕು ಅಂದರು.

"ನಮ್ಮ ಸೆಕ್ಷನ್ನಿನ ಒಬ್ಬರಿದ್ದಾರೆ, ಕರ್ಕೊಂಡು ಬರ್ತೀನಿ," ಅಂದರು ಭಾವ, ಚಪ್ಪಲಿ ಹುಡುಕುತ್ತಾ. "ಫಾರ್ಮ್ಯಾಟ್ ಮಾಡಿ ಕೊಡ್ತಾರೆ. ಎಲ್ಲಾ ಹೊಸದಾಗುತ್ತೆ. ಆಮೇಲೆ ಆ ಹೊಲಿಗೆ ಪ್ರೋಗ್ರಾಮು ಈ ಕಂಪ್ಯೂಟರಿಗೆ ಕಾಲಿಡಕೂಡದು. ಹೇಳಿದ್ದೀನಿ."

"ಹೋಟೆಲಿನ ಅಂಗಿ ಕೊಡ್ಬೇಕಲ್ರೀ," ಅಂತ ಅಕ್ಕ ಒಳಗಿಂದಲೇ ಅಂದಳು.

"ಕೈಯಲ್ಲಿ ಹೊಲಿ. ಮುಂಚೆ ಎಲ್ಲಾ ಯಂತ್ರ ಇತ್ತಾ?"

ಬಾಗಿಲು ಹಾಕಿಕೊಂಡಿತು. ಭಾವನ ಆ ಗೆಳೆಯ ನನಗೆ ಗೊತ್ತು. ಅವನಿಗೆ ನಾನಿಟ್ಟ ಹೆಸರು ಮೂಗು ಕೊಯ್ಯೋ ಡಾಕ್ಟರು. ಯಾವ ಕಂಪ್ಯೂಟರಿಗೆ ನೆಗಡಿಯಾದರೂ ಅವನು ಕೊಯ್ಯುವುದು ಮೂಗನ್ನೇ.

ನಾನು ಕೂತೆ. ಫೋನಿನಲ್ಲಿ ಹುಡುಕಿದೆ. ಬಾಲಗಳನ್ನು ಮೊದಲಿದ್ದಂತೆ ಕಟ್ಟುವ ಒಂದು ಸಣ್ಣ ಫೈಲು ಸಿಕ್ಕಿತು. ತಂದು ಒತ್ತಿದೆ. ಅದೂ ನೋಟ್‌ಪ್ಯಾಡಿನಲ್ಲಿ ತೆರೆಯಿತು. ಪುಣ್ಯಾತ್ಮ ಅದರ ಬಾಲವನ್ನೂ ಬಿಟ್ಟಿರಲಿಲ್ಲ! ಇನ್ನೊಂದು ದಾರಿ ಹಿಡಿದೆ, ಅಲ್ಲಿ ಆದೇಶವನ್ನು ಕೈಯಾರೆ ಬರೆಯಬೇಕು. ಬರೆದೆ. ಅನುಮತಿ ಇಲ್ಲ ಅಂತ ಬಂತು. ಮತ್ತೆ ಬರೆದೆ. ಮತ್ತೆ ಅದೇ. ಮೇಜಿಗೆ ಗುದ್ದಿದೆ. ಮೇಜು ಭಾವನದು, ಅದರ ಕಾಲೂ ಸರಿಯಿರಲಿಲ್ಲ, ಅಕ್ಕ ತಂದಿಟ್ಟಿದ್ದ ಚಹಾದ ಲೋಟ ಬಿತ್ತು.

"ಮೇಜು ಏನು ಮಾಡ್ತೋ?" ಅಂದಳು ಅಕ್ಕ, ಚಹಾ ಒರೆಸುತ್ತಾ.

"ಎಂಥವನನ್ನ ಕಟ್ಕೊಂಡೆ ಅಕ್ಕ ನೀನು! ಇವನ ಟಿಕ್ಕು ಇವನ ಹೆಸರಿಗೇ ಅಂಟಿಕೊಂಡು ಕೂತಿದೆ. ಕೀಳೋಕೆ ಹೋದ್ರೆ ಬಿಡ್ತಿಲ್ಲ."

"ಇವನು ಅನ್ಬೇಡ," ಅಂದಳು. ಆಮೇಲೆ ಒರೆಸುವ ಕೈ ನಿಂತಿತು. "ಹೆಸರಿಗೆ ಅಂದ್ರೆ?"

"ಒಳಗೆ ಹೋಗೋವಾಗ ಹೆಸರು ಒತ್ತಿ ಹೋಗಲ್ವಾ, ಶೀಲ್ಡ್ ಹಿಡ್ಕೊಂಡಿರೋ ಫೋಟೋ ಬರುತ್ತಲ್ಲ, ಆ ಹೆಸರಿಗೆ."

"ಹಂಗಾದ್ರೆ ಈ ಹುಳ ಎಲ್ಲ ಕಂಪ್ಯೂಟರಿಗೆ ಬಿದ್ದಿಲ್ಲ. ಇವರ ಹೆಸರಿಗೆ ಬಿದ್ದಿದೆ."

"ಹೂಂ."

"ಮತ್ತೆ ನಾನ್ಯಾಕೆ ಇವರ ಹೆಸರಲ್ಲಿ ಒಳಗೆ ಹೋಗ್ಬೇಕು?"

ನಾನು ಅವಳ ಮುಖ ನೋಡಿದೆ. ಅಕ್ಕ ಆ ಕಂಪ್ಯೂಟರಿನ ಮುಂದೆ ದಿನವೆಲ್ಲ ಕೂರುವವಳು. ಭಾವ ವಾರಕ್ಕೊಮ್ಮೆ ತಮ್ಮ ಶೀಲ್ಡ್ ನೋಡಿಕೊಳ್ಳಲು ಕೂರುವವರು. ಆದರೂ ಅವಳು ಬೆಳಗಾದರೆ ಗಂಡನ ಹೆಸರು ಒತ್ತಿ, ಗಂಡನ ಶೀಲ್ಡಿಗೆ ಮುಖ ತೋರಿಸಿ, ಆಮೇಲೆ ಸೂಜಿಗೆ ನೂಲು ಹಾಕುತ್ತಿದ್ದಳು. ಇದು ನನಗೂ ಹೊಳೆದಿರಲಿಲ್ಲ. ಕೋಪದಲ್ಲಿ ಬುದ್ಧಿ ಎಲ್ಲಿ ಹೊಳೆಯುತ್ತದೆ!

ಚಿತ್ರ ಒತ್ತಿದರೆ ಮತ್ತೆ ಹುಳವೇ ಬರುವುದರಿಂದ, ಹೊಸ ಹೆಸರು ಸೇರಿಸುವ ಜಾಗಕ್ಕೆ ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಹೋದೆ. ಅಕ್ಕ ತನ್ನ ಹೆಸರನ್ನು ತಾನೇ ಒತ್ತಿದಳು, ಒಂದೊಂದೇ ಅಕ್ಷರ, ನೂಲು ಪೋಣಿಸುವವಳ ಹಾಗೆ. ಪಾಸ್‌ವರ್ಡ್ ಹಾಕುವಾಗ "ಆ ಕಡೆ ತಿರುಗು" ಅಂದಳು. ತಿರುಗಿದೆ. ಈ ಬಳಕೆದಾರರಿಗೆ ಪೂರ್ತಿ ಅಧಿಕಾರ ಕೊಡಬೇಕೇ ಅಂತ ಕೇಳಿ, ಪಕ್ಕದಲ್ಲಿ ಒಂದು ಖಾಲಿ ಚೌಕ ತೋರಿಸಿತು. ಅದಕ್ಕೆ ಟಿಕ್ ಹಾಕಿದ್ದು ನಾನು. ಆ ಮನೆಯಲ್ಲಿ ನೋಡಿ ಹಾಕಿದ ಟಿಕ್ಕು ಅದೊಂದೇ ಇರಬೇಕು.

ಅವಳ ಹೆಸರಿನಲ್ಲಿ ಒಳಗೆ ಹೋದೆವು. ಪ್ರೋಗ್ರಾಮಿನ ಚಿತ್ರ ಒತ್ತಿದಳು. ಹುಳ ಬರಲಿಲ್ಲ. ಹೋಟೆಲಿನ ಲಾಂಛನ ಬಂತು, ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆ. ಅಕ್ಕ ಎದ್ದು ಅಂಗಿಯ ಜೇಬನ್ನು ಚೌಕಟ್ಟಿಗೆ ಬಿಗಿದು, ಬಿಳಿ ನೂಲು ಏರಿಸಿ, ಮತ್ತೆ ಕೂತು ಗುಂಡಿ ಒತ್ತಿದಳು. ಯಂತ್ರ ಟಕಟಕ ಅಂತ ಶುರುವಾಯಿತು.

ಕೊಕ್ಕರೆಯ ಕಾಲು ಮುಗಿಯುವಷ್ಟರಲ್ಲಿ ಭಾವ ಬಂದರು, ಹಿಂದೆ ಮೂಗು ಕೊಯ್ಯೋ ಡಾಕ್ಟರು, ಕುತ್ತಿಗೆಗೆ ನೇತುಹಾಕಿಕೊಂಡ ಪೆನ್‌ಡ್ರೈವ್ ಸಮೇತ.

"ಸರಿಹೋಯ್ತಾ?" ಭಾವನಿಗೆ ಸಂತೋಷಕ್ಕಿಂತ ನಿರಾಸೆ ಹೆಚ್ಚಾಯಿತು.

"ನನ್ನದು ಸರಿಯಾಗಿದೆ ರೀ. ನಿಮ್ಮದು ಹಾಗೇ ಇದೆ."

"ನಿನ್ನದು, ನನ್ನದು ಅಂದ್ರೆ? ಒಂದೇ ಕಂಪ್ಯೂಟರಲ್ಲಿ ಎರಡು ಮನೆಯಾ?"

"ಬಾಗಿಲು ಎರಡು ಭಾವ," ಅಂದೆ. "ನಿಮ್ಮ ಬಾಗಿಲು ನೀವೇ ಟಿಕ್ ಹಾಕಿ ಮುಚ್ಚಿದ್ದು."

"ನೀನು ಸುಮ್ನಿರೋ ಇಂಜಿನಿಯರ್."

ಡಾಕ್ಟರು ಕೆಮ್ಮಿದ. "ಇರ್ಲಿ ಸಾರ್, ಬಂದಿದ್ದೀನಿ, ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡೋಣ. ಕ್ಲೀನಾಗುತ್ತೆ."

"ಹೊಡೀರಿ," ಅಂದರು ಭಾವ. "ಏಳೇ, ಅವರು ಕೂತ್ಕೊಳ್ಳಲಿ."

ಅಕ್ಕ ಏಳಲಿಲ್ಲ. ನೂಲಿನಿಂದ ಕಣ್ಣೂ ತೆಗೆಯಲಿಲ್ಲ. "ಹೊಲಿಗೆ ಓಡ್ತಿದೆ. ಮಧ್ಯದಲ್ಲಿ ನಿಲ್ಲಿಸಿದ್ರೆ ಅಂಗಿ ಹಾಳು."

"ಎಷ್ಟು ಹೊತ್ತು?"

"ಇದಾದ್ಮೇಲೆ ಆ ರಾಶಿ ಇದೆ."

ರಾಶಿ ಸೋಫಾದ ಮೇಲಿತ್ತು. ಡಾಕ್ಟರಿಗೆ ಕೂರಲು ಜಾಗವೂ ಉಳಿದಿರಲಿಲ್ಲ. ನಾನು ತಂದುಕೊಟ್ಟ ಚಹಾವನ್ನು ಅವನು ನಿಂತೇ ಕುಡಿದ. ರಾಶಿಯನ್ನೊಮ್ಮೆ, ಅಕ್ಕನ ಬೆನ್ನನ್ನೊಮ್ಮೆ ನೋಡಿದ. "ಇನ್ನೊಂದಿನ ನೋಡೋಣ ಸಾರ್" ಅಂತ ಪೆನ್‌ಡ್ರೈವನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಹೋದ. ಭಾವ ಕೂಗಾಡಲು ಬಾಯಿ ತೆರೆದರು. ಯಂತ್ರದ ಸದ್ದಿನ ಮುಂದೆ ಅದು ಯಾರಿಗೂ ಕೇಳಲಿಲ್ಲ. ಮೊದಲ ಸಲ ಆ ಯಂತ್ರದ ಮೇಲೆ ನನಗೆ ಗೌರವ ಬಂತು.

ನಾನು ಹೊರಡುವ ಹೊತ್ತಿಗೆ ಭಾವ ಅಕ್ಕನ ಕುರ್ಚಿಯ ಹಿಂದೆ ನಿಂತಿದ್ದರು, ಸಂತೆಯಲ್ಲಿ ದಾರಿ ತಪ್ಪಿದವರ ಹಾಗೆ.

"ನನ್ನ ಫೋಟೋ?"

"ಇವನು ಈಗ ನನ್ನ ಹೆಸರಿಂದ ನಿಮ್ಮದನ್ನೂ ಸರಿ ಮಾಡ್ತಾನೆ, ಕೇಳಿ," ಅಂದಳು ಅಕ್ಕ.

ಭಾವ ನನ್ನ ಕಡೆ ನೋಡಿದರು. ನನ್ನನ್ನು ಕೇಳುವುದಕ್ಕಿಂತ ಜನ್ಮವೆಲ್ಲ ಹುಳ ನೋಡಿಕೊಂಡಿರುವುದೇ ವಾಸಿ ಅನ್ನುವುದು ಮುಖದಲ್ಲಿ ದಪ್ಪ ಅಕ್ಷರದಲ್ಲಿತ್ತು. ನಾನೂ ಮುಂದೆ ಬಿದ್ದು ಮಾಡುತ್ತೇನೆ ಅನ್ನಲಿಲ್ಲ.

"ಬೇಡ. ನೀನೇ ತೋರಿಸು," ಅಂದರು.

ಅಕ್ಕ ತನ್ನ ಹೆಸರಿನಿಂದಲೇ ಅವರ ಫೋಟೋ ತೆರೆದಳು. ಪರದೆಯ ತುಂಬ ಭಾವ, ಎದೆಗೆ ಅಪ್ಪಿಕೊಂಡ ಶೀಲ್ಡು. ಅದರ ಅಂಚಿನಿಂದ ಇಣುಕುತ್ತಿದ್ದ ಅಂಗಿಯ ಜೇಬಿನ ಮೇಲೆ ಕಾರ್ಖಾನೆಯ ಲಾಂಛನ, ಕೆಂಪು ಹಲ್ಲುಚಕ್ರ. ಒಂದು ಹಲ್ಲೂ ಡೊಂಕಿರಲಿಲ್ಲ. ಹೊಲಿದದ್ದು ಯಾರು ಅಂತ ಹೇಳಬೇಕಾಗಿಲ್ಲ.

"ಶೀಲ್ಡು ಎಷ್ಟು ಚೆನ್ನಾಗಿ ಹೊಳೀತಿದೆ ನೋಡು," ಅಂದರು ಭಾವ.

"ಹೂಂ," ಅಂದಳು ಅಕ್ಕ. ಫೋಟೋ ಮುಚ್ಚಿ ಕೊಕ್ಕರೆಯನ್ನು ತೆರೆದಳು.

"ಪಾಸ್‌ವರ್ಡ್ ಏನಿಟ್ಟಿದ್ದೀಯ?"

"ನೋಡ್ಬೇಕು ಅನ್ನಿಸಿದಾಗ ಕರೀರಿ. ನಾನೇ ತೆಗೆದುಕೊಡ್ತೀನಿ," ಅಂತ ಹೇಳಿ ಅಕ್ಕ ಮುಂದಿನ ಅಂಗಿಯನ್ನು ಚೌಕಟ್ಟಿಗೆ ಬಿಗಿದಳು.